ಮೂರು ಪುಸ್ತಕದಾಗ ಒಂದ ಸರ

ನಮ್ಮತ್ತಿ ಕಡೆ ಮೂರು ಪುಸ್ತಕ ಅದಾವು. ನೂರು ಹಾಳಿದು, ಮ್ಯಾಲೆ ಖಾಕಿ ಬೈಂಡ್ ಹಾಕಿದ್ದು, ಸಾಲಿ ಹುಡುಗ್ರು ಬರಿಯೋ ಅಂಥವ. ದೊಡ್ಡ ಮಗನ ಮನಿದು ಒಂದು, ನಮ್ದು ಒಂದು, ಹೊಸಪೇಟ್ಯಾಗ ಇರೋ ಸಣ್ಣ ಮಗಂದು ಒಂದು. ಮಾವ ಹೋದ ಮ್ಯಾಲೆ ಕುರೆಕುಪ್ಪದ ಈ ಮನಿಯಾಗ ಒಲಿ ಬ್ಯಾರೆ ಆದವು, ಆದ್ರ ಲೆಕ್ಕ ಅತ್ತಿ ಕೈ ಬಿಡ್ಲಿಲ್ಲ. ತಿಂಗಳ ಮೊದಲ್ನೇ ಐತವಾರ ಪಡಸಾಲ್ಯಾಗ ಕುಂತು, ಕನ್ನಡಕ ಏರಿಸ್ಕೊಂಡು, ಮೂರೂ ಪುಸ್ತಕದಾಗ ಹೊಸಾ ಹಾಳಿ ತೆಗೀತಾರ. ಯಾರು ಎಷ್ಟು ಕೊಟ್ರು, ಚೀಟಿ ಎಷ್ಟು ಕಟ್ಟಿದ್ರು, ಕಿರಾಣಿ ಅಂಗಡ್ಯಾಗ ಉದ್ರಿ ಎಷ್ಟೈತಿ, ಎಲ್ಲಾ ಬರದು ಕಡೀಗೆ ಒಂದು ಸಾಲು ಹಾಕ್ತಾರ: ‘ಸರದ ಸಾಲ.’

ಆ ಸರ ನಮ್ಮತ್ತಿದು. ಐದು ತೊಲಿ ಗುಂಡಿನ ಸರ. ಮಾಳಗಿ ಕೆಡವಿ ಮೇಲ್ಛಾವಣಿ ಹಾಕ್ಸೋವಾಗ ಮಾವ ಅದನ್ನ ಬ್ಯಾಂಕಿನಾಗ ಇಟ್ಟಿದ್ರು. ಮನಿ ಮೂರೂ ಮಕ್ಕಳದು, ಹಂಗಾಗಿ ಸಾಲಾನೂ ಮೂವರದು ಅಂತ ಅತ್ತಿ ಮೂರೂ ಪುಸ್ತಕದಾಗ ಆ ಸಾಲು ಬರೀತಿದ್ರು. ಪಕ್ಕದಾಗ ಸಣ್ಣ ಅಕ್ಷರದಾಗ ‘ಕೂಡು’ ಅಂತ ಒಂದು ಗುರುತು. ಎಲ್ಲಾರೂ ಕೂಡಿ ತೀರ್ಸೋದು ಅಂತ ಅರ್ಥ. ಆ ‘ಕೂಡು’ ಅನ್ನೋದನ್ನ ನಾವ್ಯಾರೂ ಸರಿಯಾಗಿ ಓದಿದ್ದಿಲ್ಲ. ಅದರ ಕತಿ ಹೇಳೋಕಿಂತ ಮೊದ್ಲು ನನ್ನ ಕೆಲಸದ ಕತಿ ಹೇಳಬೇಕು, ಯಾಕಂದ್ರ ಎರಡೂ ಒಂದ ವಾರದಾಗ ಆದವು.

ನನ್ನ ತವರು ಕಂಪ್ಲಿ. ಬಳ್ಳಾರ್ಯಾಗ ಇಂಜಿನಿಯರಿಂಗ್ ಓದಿ, ಬೆಂಗಳೂರಿನಾಗ ಮೂರು ವರ್ಷ ಕೆಲಸ ಮಾಡಿ, ಲಗ್ನ ಆಗಿ ಇಲ್ಲಿಗೆ ಬಂದೆ. ಈಗ ಮನಿಯಿಂದ್ಲೇ ಕೆಲಸ. ಅಡಿಗಿ ಮನಿ ಮಗ್ಗಲ ಕ್ವಾಣ್ಯಾಗ ಒಂದು ಟೇಬಲ್, ಕಿಟಕಿಗೆ ಒದ್ದಿ ಬಟ್ಟಿ. ಅದಿರಿನ ಕೆಂಪು ಧೂಳು ಲ್ಯಾಪ್‌ಟಾಪಿನ ಕೀಲಿ ಸಂದಿನಾಗ ಹೋಗಬಾರ್ದು ಅಂತ. ನಾ ಬರಿಯೋದು ಲಾರಿ ತೂಗೋ ಕಾಟಾದ ಪ್ರೋಗ್ರಾಂ, ಸಿ ಪ್ಲಸ್ ಪ್ಲಸ್ ಭಾಷಾದಾಗ. ನಮ್ಮ ಕಡೆ ಕಾಟಾ ಅಂದ್ರ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ತೋರಣಗಲ್ಲು, ಸಂಡೂರು ರೋಡಿನಾಗ ಲಾರಿ ಸಾಲು ನಿಂತಿರೋದು ದಿನಾ ನೋಡ್ತೀವಿ.

ಪ್ರೋಗ್ರಾಮಿನಾಗ ‘ಲಾರಿ’ ಅಂತ ಒಂದು ಕ್ಲಾಸು. ಕ್ಲಾಸು ಅಂದ್ರ ಗೌರಿ ಹುಣ್ಣಿವಿ ಸಕ್ಕರಿ ಆರತಿ ಅಚ್ಚು ಇದ್ದಂಗ. ಅಚ್ಚು ಒಂದು, ಅದರಾಗಿಂದ ಬರೋ ಗೊಂಬಿ ಎಷ್ಟು ಬೇಕಾದಷ್ಟು. ಕಾಟಾದ ಮ್ಯಾಲೆ ಒಂದು ಲಾರಿ ಬಂತು ಅಂದ್ರ ಅಚ್ಚಿನಾಗಿಂದ ಒಂದು ಲಾರಿ-ಗೊಂಬಿ ಹುಟ್ತೈತಿ. ಅದರ ಹೊಟ್ಟ್ಯಾಗ ಮೂರು ಅಂಕಿ: ಲಾರಿ ನಂಬರು, ಲೋಡಿನ ತೂಕ, ಖಾಲಿ ತೂಕ. ಇವು ಒಂದೊಂದು ಲಾರಿಗೂ ಬ್ಯಾರೆ ಬ್ಯಾರೆ.

ಇನ್ನೊಂದು ಅಂಕಿ ಐತಿ, ಅದು ಹಂಗಲ್ಲ. ಕಾಟಾದ ತಗಡಿನ ಮ್ಯಾಲೆ ಏನೂ ಇಲ್ದಾಗೂ ಮಣ್ಣು, ಕಲ್ಲು ಹತ್ತಿ ಅದು ಹತ್ತು ಇಪ್ಪತ್ತು ಕಿಲೋ ತೋರಿಸ್ತೈತಿ. ಅದನ್ನ ಎಲ್ಲಾ ತೂಕದಾಗಿಂದ ಕಳೀಬೇಕು. ನಾವು ಅದಕ್ಕ ‘ಸೊನ್ನೆ’ ಅಂತ ಕರೀತೀವಿ. ಸೊನ್ನೆ ಲಾರಿದಲ್ಲ, ಕಾಟಾದ್ದು. ಹಂಗಾಗಿ ಅದನ್ನ ಸ್ಟ್ಯಾಟಿಕ್ ಅಂತ ಬರದಿರ್ತೀವಿ. ಸ್ಟ್ಯಾಟಿಕ್ ಅಂದ್ರ ಗೊಂಬಿಯೊಳಗ ಹೋಗೋ ಸಕ್ಕರಿ ಅಲ್ಲ, ಅಚ್ಚಿನ ಎರಡು ಹೋಳು ಕಟ್ಟಿದ ದಾರ. ಗೊಂಬಿ ನೂರಾಗಲಿ, ಸಾವಿರಾಗಲಿ, ದಾರ ಒಂದ.

ಒಂದಿನ ತೂಕ ತಪ್ಪು ಬರಾಕತ್ತಿತು. ಮೊದಲ್ನೇ ಲಾರಿ ಬಂದಾಗ ಸರಿ ಇತ್ತು. ಏಳೆಂಟು ಲಾರಿ ಆದ ಮ್ಯಾಲೆ ಅದ ಮೊದಲ್ನೇ ಲಾರಿ ಚೀಟಿ ತಿರುಗಿ ತೆಗೆದ್ರ ನಲವತ್ತು ಕಿಲೋ ಕಮ್ಮಿ. ಡಿಬಗ್ಗರ್ ಹಚ್ಚಿ ಕುಂತೆ. ಡಿಬಗ್ಗರ್ ಅಂದ್ರ ಓಡೋ ಪ್ರೋಗ್ರಾಂನ ನಡುವ ನಿಲ್ಲಿಸಿ, ಯಾವ ಡಬ್ಬ್ಯಾಗ ಏನೈತಿ ಅಂತ ಮುಚ್ಚಳ ತೆಗೆದು ನೋಡೋ ಸಾಧನ. ನಾ ಬಳಸೋದು ಜಿಡಿಬಿ. ರಿಚರ್ಡ್ ಸ್ಟಾಲ್‌ಮನ್ 1986ರಾಗ ಶುರು ಮಾಡಿದ್ದು, ಇವತ್ತಿಗೂ ನಡೀತೈತಿ.

ಮೊದಲ್ನೇ ಲಾರಿ ತೋರ್ಸು ಅಂದೆ. ತೋರಿಸ್ತು: ನಂಬರು, ಲೋಡು, ಖಾಲಿ, ಸೊನ್ನೆ 0. ಮುಂದ ಓಡಿಸ್ದೆ. ಎಂಟನೇ ಲಾರಿ ಹೊತ್ತಿಗೆ ನಿಲ್ಲಿಸಿ ಮತ್ತ ಅದ ಮೊದಲ್ನೇ ಲಾರಿ ತೋರ್ಸು ಅಂದೆ. ಸೊನ್ನೆ 40.

ಎದಿ ಧಸಕ್ ಅಂತು. ಮೊದಲ್ನೇ ಲಾರಿ ಕೆಲಸ ಮುಗಿಸಿ ಹೋಗೇತಿ, ಅದನ್ನ ಯಾರೂ ಮುಟ್ಟಿಲ್ಲ. ಮುಟ್ಟದ ಡಬ್ಬ್ಯಾಗಿನ ಅಂಕಿ ಬದಲಾಗೇತಿ ಅಂದ್ರ ಪಕ್ಕದ ಡಬ್ಬಿ ತುಂಬಿ ಇದರೊಳಗ ಚೆಲ್ಲೇತಿ ಅಂತ ನಮ್ಮ ಕೆಲಸದಾಗ ಮೊದಲ್ನೇ ಅನುಮಾನ. ಎರಡು ರಾತ್ರಿ ಹುಡುಕಿದೆ. ಪಟ್ಟಿ ಎಲ್ಲಿ ಉದ್ದ ಆತು, ಯಾವ ಸಾಲು ಗೆರಿ ದಾಟಿ ಬರೀತು, ಒಂದೊಂದ ನೋಡಿದೆ. ಮಗ ಜ್ವರ ಅಂತ ಮಲಗಿದ್ದ. ಒಂದು ಕೈ ಅವನ ಹಣಿ ಮ್ಯಾಲೆ, ಒಂದು ಕೈ ಕೀಲಿ ಮ್ಯಾಲೆ.

ಎರಡನೇ ರಾತ್ರಿ ಎರಡು ಗಂಟೆಗೆ, ಬ್ಯಾಸರಕ್ಕ, ಲಾರಿ ಗೊಂಬಿ ಎಷ್ಟು ದೊಡ್ಡದೈತಿ ಅಂತ ಕೇಳಿದೆ. 24 ಬೈಟ್ ಅಂತು. ನಾ ಹಂಗ ನೋಡ್ಕೋತ ಕುಂತೆ. ಒಂದೊಂದು ಅಂಕಿಗೆ 8 ಬೈಟ್. 24ರಾಗ ಮೂರ ಅಂಕಿ ಹಿಡೀತಾವು. ಪರದಿ ಮ್ಯಾಲೆ ಕಾಣೋವು ನಾಲ್ಕು. ಹಂಗಾದ್ರ ನಾಲ್ಕನೇದು ಎಲ್ಲೈತಿ?

ಮೊದಲ್ನೇ ಲಾರಿ ಸೊನ್ನೆಯ ವಿಳಾಸ ಕೇಳಿದೆ. ಎಂಟನೇ ಲಾರಿ ಸೊನ್ನೆಯ ವಿಳಾಸ ಕೇಳಿದೆ. ಎರಡೂ ಒಂದ. ಲಾರಿಗಳ ವಿಳಾಸ ಬ್ಯಾರೆ ಬ್ಯಾರೆ, ಸೊನ್ನೆ ಇರೋ ಮನಿ ಮಾತ್ರ ಒಂದ, ಅದೂ ಲಾರಿಗಳಿಂದ ದೂರ ಇನ್ನೊಂದು ಓಣ್ಯಾಗ. ಆಗ ಕಣ್ಣು ತೆರೀತು. ಪರದಿ ಮ್ಯಾಲೆ ಸೊನ್ನೆಯ ಹಿಂದ ಜಿಡಿಬಿ ‘ಸ್ಟ್ಯಾಟಿಕ್’ ಅಂತ ಬರದ ಇತ್ತು, ಎರಡೂ ರಾತ್ರಿ. ನಾ ಅದನ್ನ ದಾಟಿ ದಾಟಿ ಓದಿದ್ದೆ.

ಇದು ಹೆಂಗ ಆಗ್ತೈತಿ ಅಂತ ಸ್ವಲ್ಪ ಹೇಳ್ತೀನಿ. ಕಂಪೈಲರ್ ನಮ್ಮ ಪ್ರೋಗ್ರಾಂನ ಮಷೀನಿನ ಭಾಷಾಕ್ಕ ಇಳಿಸೋವಾಗ, ಡಿಬಗ್ಗರಿಗೆ ಅಂತ ಒಂದು ಪಟ್ಟಿನೂ ಬರದು ಇಡ್ತೈತಿ. ಆ ಪಟ್ಟಿ ಬರಿಯೋ ರೀತಿಗೆ ಡ್ವಾರ್ಫ್ ಅಂತ ಹೆಸರು. ಮಾಮೂಲಿ ಅಂಕಿಗೆ ಅದರಾಗ ‘ಗೊಂಬಿ ಶುರುವಿನಿಂದ ಇಷ್ಟು ಬೈಟ್ ದೂರ’ ಅಂತ ಇರ್ತೈತಿ. ಸ್ಟ್ಯಾಟಿಕ್ ಅಂಕಿಗೆ ಆ ದೂರ ಇರೋದಿಲ್ಲ. ‘ಈ ಹೆಸರು ಈ ಕ್ಲಾಸಿಂದು, ವಸ್ತು ಮಾತ್ರ ಇಲ್ಲಿಲ್ಲ’ ಅಂತ ಕ್ಲಾಸಿನೊಳಗ ಒಂದು ಸಾಲು, ‘ಇಂಥಾ ವಿಳಾಸದಾಗ ಐತಿ’ ಅಂತ ಹೊರಗ ಇನ್ನೊಂದು ಸಾಲು. ಜಿಡಿಬಿ ಲಾರಿ ತೋರ್ಸೋವಾಗ ಮೂರು ಅಂಕಿ ಗೊಂಬಿಯೊಳಗಿಂದ ತೆಗೀತೈತಿ, ನಾಲ್ಕನೇದನ್ನ ಆ ದೂರದ ಮನಿಗೆ ಹೋಗಿ ಓದ್ಕೊಂಡು ಬಂದು ಅದ ಸಾಲಿನಾಗ ಹಚ್ಚತೈತಿ. ನೂರು ಲಾರಿ ತೋರ್ಸು ಅಂದ್ರ ನೂರು ಸಲ ಹಚ್ಚತೈತಿ. ಸುಳ್ಳು ಅಲ್ಲ. ನೋಡೋರ ಕಣ್ಣಿಗೆ ಮಾತ್ರ ನೂರು ಸೊನ್ನೆ ಇದ್ದಂಗ ಕಾಣ್ತೈತಿ.

ಕಂಪೈಲರ್ ಬ್ಯಾಡ ಅಂತ ತೆಗೆದು ಹಾಕಿದ ಸ್ಟ್ಯಾಟಿಕ್ಕೂ ಕೆಲವೊಮ್ಮೆ ಇರ್ತಾವು. ಆಗ ಜಿಡಿಬಿ ಹೆಸರು ತೋರಿಸಿ, ಅಂಕಿ ಜಾಗದಾಗ ‘ಆಪ್ಟಿಮೈಜ್ಡ್ ಔಟ್’ ಅಂತ ಬರೀತೈತಿ. ನಮ್ಮ ಮನಿ ಹಳೇ ಪಟ್ಟ್ಯಾಗ ಇನ್ನೂ ‘ಬೀಸೋ ಕಲ್ಲು 1’ ಅಂತ ಐತಲ್ಲ, ಕಲ್ಲು ಯಾವಾಗೋ ಹೋತು, ಹಂಗ.

ಮತ್ತ ಆ 40 ಬರದದ್ದು ಯಾರು? ಮೊದಲ್ನೇ ಲಾರಿ ಕಾಯೋದು ಬಿಟ್ಟು, ಸೊನ್ನೆಗೇ ವಾಚ್ ಹಾಕಿದೆ. ಅಂದ್ರ, ಈ ವಿಳಾಸದಾಗ ಯಾರರ ಬರದ್ರ ಅಲ್ಲೇ ನಿಲ್ಸು ಅಂತ. ಏಳನೇ ಲಾರಿ ಹೊತ್ತಿಗೆ ಟಕ್ ಅಂತ ನಿಂತು: ಹಳೇ ಬೆಲೆ 0, ಹೊಸಾ ಬೆಲೆ 40. ಅಲ್ಲಿ ಪರೀಕ್ಷಾಕ್ಕ ಅಂತ ಯಾರೋ ಹಾಕಿ ತೆಗೆಯೋದು ಮರ್ತ ಒಂದು ಸಾಲು. ಯಾರು ಅಂತ ಹುಡುಕಿದ್ರ ನನ್ನ ಹೆಸರ ಬಂತು. ಮೂರು ವಾರದ ಹಿಂದ ನಾನ ಬರದಿದ್ದೆ.

ಸಾಲು ತೆಗೆದು, ಮುಖ ತೊಳ್ಕೊಂಡು ಮಲಗಿದೆ. ಅವತ್ತು ಗುರುವಾರ.

ಶನಿವಾರ ಸಂಜಿಗೆ ಸಂಡೂರಿನಿಂದ ಫೋನು. ಅತ್ತಿ ತಮ್ಮ, ಅಂದ್ರ ನಮ್ಮನಿಯವರ ಸೋದರಮಾವ. ಅಣ್ಣತಮ್ಮರ ಲೆಕ್ಕ ಒಮ್ಮೆ ಹಿರೇರು ನೋಡ್ಲಿ ಅಂತ ಭಾವ ಅವರಿಗೆ ಮೂರೂ ಪುಸ್ತಕದ ಹಾಳಿ ಫೋಟೋ ಹೊಡೆದು ಕಳಿಸಿದ್ರು. ಅವರು ಪಾಪ ಕೂಡಿಸಿ ಹಾಕಿ ಗಾಬರಿ ಆಗ್ಯಾರ. “ಬಂಗಾರದ ಮ್ಯಾಲೇ ಎರಡು ಲಕ್ಷದ ಎಪ್ಪತ್ತು ಸಾವಿರ ಸಾಲ ಐತಲ್ಲೋ! ಮೂರೂ ಸೊಸೇರ ಸರ ಇಟ್ಟೀರೇನು? ರೋಡಿನ ಮಗ್ಗಲ ಜಾಗ ಮಾರಿ ತೀರ್ಸಿ ಬಿಡ್ರಿ, ಬಡ್ಡಿ ತಿಂದು ಹಾಕ್ತೈತಿ” ಅಂದ್ರು.

ಆ ಜಾಗ ಮಾವ ತಮ್ಮ ದುಡಿಮಿಯಿಂದ ತಗೊಂಡ ಒಂದ ಆಸ್ತಿ.

ಮನಿಯಾಗ ಬೆಂಕಿ ಬಿತ್ತು. ಭಾವ ನಮ್ಮನಿಯವರ ಕಡೆ ತಿರುಗಿ, “ನಿನ್ನ ಹೆಂಡ್ತಿ ಸರಾನೂ ಇಟ್ಟೀಯೇನೋ, ನಮಗ ಹೇಳ್ಲೇ ಇಲ್ಲ?” ಅಂದ್ರು. ನಮ್ಮಕ್ಕ, ಅಂದ್ರ ಭಾವನ ಹೆಂಡ್ತಿ, ತಮ್ಮ ಪುಸ್ತಕ ತಂದು ಪಡಸಾಲ್ಯಾಗ ಒಗೆದ್ರು. “ಯುಗಾದಿಗೆ ನಮ್ಮ ಹಾಳ್ಯಾಗ ಅರವತ್ತು ಸಾವಿರ ಇತ್ತು. ಈಗ ತೊಂಬತ್ತು ಆಗೇತಿ. ನಾವು ಒಂದು ರೂಪಾಯಿ ತಗೊಂಡಿಲ್ಲ. ನಮ್ಮ ಪುಸ್ತಕದಾಗ ಯಾರು ಕೈ ಹಾಕಿದ್ರು, ಹೇಳ್ರಿ.”

ಅತ್ತಿ ಮಾತಾಡ್ಲಿಲ್ಲ. ಅಕ್ಕಿ ಆರಿಸೋ ಮೊರ ತೊಡಿ ಮ್ಯಾಲೆ ಇಟ್ಕೊಂಡು ತಲಿ ತಗ್ಗಿಸಿ ಕುಂತಿದ್ರು.

ನಾ ಬಾಗಿಲಿಗೆ ನಿಂತಿದ್ದೆ. ಅಕ್ಕನ ಮಾತು ಕೇಳಿ ಮೈ ಜುಂ ಅಂತು. ಮುಟ್ಟದ ಡಬ್ಬ್ಯಾಗಿನ ಅಂಕಿ ಬದಲಾಗೇತಿ. ಬುಧವಾರ ರಾತ್ರಿ ನಾ ಆಡಿದ್ದೂ ಇದ ಮಾತು.

ಮೂರೂ ಪುಸ್ತಕ ಎತ್ತಿ ಒಂದರ ಮಗ್ಗಲ ಒಂದು ಇಟ್ಟೆ. ಮೂರರಾಗೂ ತೊಂಬತ್ತು ಸಾವಿರ. ಮೂರರಾಗೂ ಬ್ಯಾಂಕಿನ ಚೀಟಿ ನಂಬರು ಒಂದ. ಮೂರರಾಗೂ ಪಕ್ಕಕ್ಕ ‘ಕೂಡು’.

“ಭಾವಾರ, ಇದು ಮೂರು ಸಾಲ ಅಲ್ಲ, ಒಂದ ಸಾಲ. ಅತ್ತಿ ಬ್ಯಾಂಕಿನ ಚೀಟಿ ಒಂದ ನೋಡಿ ಮೂರೂ ಕಡೆ ಬರದಾರ” ಅಂದೆ.

“ನಮ್ಮ ಪುಸ್ತಕದಾಗ ಐತಿ ಅಂದ್ಮ್ಯಾಲೆ ನಮ್ದ ಅಲ್ಲೇನವಾ?” ಅಂದ್ರು ಭಾವ.

ಕ್ಲಾಸು, ವಿಳಾಸ ಅಂತ ಅವರಿಗೆ ಹೇಳಿದ್ರ ಏನು ಪ್ರಯೋಜನ? ಡ್ಯಾಮಿನ ಮಾತು ಹೇಳಿದೆ. “ನಮ್ಮ ಕಂಪ್ಲ್ಯಾಗ ಕೇಳಿದ್ರ ಡ್ಯಾಮಿನಾಗ ನೂರಾ ಐದು ಟಿಎಂಸಿ ನೀರೈತಿ ಅಂತಾರ. ಗಂಗಾವತ್ಯಾಗ ಕೇಳಿದ್ರೂ ನೂರಾ ಐದು. ಸಿರಗುಪ್ಪ್ಯಾಗ ಕೇಳಿದ್ರೂ ನೂರಾ ಐದು. ಮೂರೂರಿಂದು ಕೂಡಿಸಿ ಮುನ್ನೂರಾ ಹದಿನೈದು ಅಂತೀರೇನು?”

ಭಾವ ಸುಮ್ಮನಾದ್ರು. ಡ್ಯಾಮಿನ ಮಾತು ನಮ್ಮ ಕಡೆ ಎಲ್ಲಾರಿಗೂ ತಿಳೀತೈತಿ. ತುಂಗಭದ್ರಾ ಡ್ಯಾಮು ಇರೋದು ಹೊಸಪೇಟಿ ಮಗ್ಗಲ, ಆದ್ರ ಕೊಪ್ಪಳದವರೂ ‘ನಮ್ ಡ್ಯಾಮು’ ಅಂತಾರ, ರಾಯಚೂರಿನವರೂ ಅಂತಾರ, ಆಂಧ್ರ ತೆಲಂಗಾಣದವರೂ ಅಂತಾರ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೇ ಗೇಟಿನ ಚೈನು ಕಡಿದು ಗೇಟು ಕೊಚ್ಕೊಂಡು ಹೋತು. ಇರೋ ಮೂವತ್ಮೂರು ಗೇಟಿನಾಗ ಕಡಿದದ್ದು ಒಂದು, ನೀರು ಕಮ್ಮಿ ಆಗಿದ್ದು ಎಲ್ಲಾರಿಗೂ. ಸ್ಟಾಪ್ ಲಾಗ್ ಇಳಿಸೋ ತನಕ ನಮ್ಮಪ್ಪ ಕಂಪ್ಲ್ಯಾಗ ಗದ್ದಿ ನೋಡ್ಕೋತ ಊಟ ಬಿಟ್ಟು ಕುಂತಿದ್ರು. ಆದ್ರ ‘ನಮ್ಮ ಕಾಲುವ್ಯಾಗಿನ ನೀರು ಯಾರು ಕದ್ರು’ ಅಂತ ಒಬ್ಬರೂ ಕಾಲುವಿ ದಂಡಿಗೆ ಹುಡುಕಲಿಲ್ಲ. ಎಲ್ಲಾರೂ ಡ್ಯಾಮಿನ ಕಡೆ ನೋಡಿದ್ರು.

“ಹಂಗಾದ್ರ ಅಕ್ಕಾ, ನಿಮ್ಮ ಪುಸ್ತಕದಾಗ ಯಾರು ಕೈ ಹಾಕಿದ್ರು ಅಂತ ಕೇಳಬ್ಯಾಡ್ರಿ. ಸರದ ಸಾಲ ಹೆಚ್ಚಿಗಿ ತಗೊಂಡೋರು ಯಾರು ಅಂತ ಕೇಳ್ರಿ” ಅಂದೆ.

ಅಂದ ಮ್ಯಾಲೆ, ಯಾಕರ ಅಂದೆನೋ ಅನಿಸ್ತು. ಅತ್ತಿ ಮೊರ ಕೆಳಗಿಟ್ರು.

“ನಾನ ಕೊಟ್ಟೆ. ಸಣ್ಣಾವನ ಕೂಸಿಗೆ ಆಸ್ಪತ್ರಿಗೆ ಬೇಕಿತ್ತು. ಅಣ್ಣಗ ಹೇಳಬ್ಯಾಡ ಯವ್ವಾ, ನಾಚಿಕಿ ಆಗ್ತೈತಿ ಅಂದ. ಆಗಲಿ ಅಂದೆ. ಬ್ಯಾಂಕಿಗೆ ಹೋಗಿ ಅದ ಸರದ ಮ್ಯಾಲೆ ಮೂವತ್ತು ಸಾವಿರ ಹೆಚ್ಚಿಗಿ ಬರಿಸ್ದೆ. ಆದ್ರ ಲೆಕ್ಕ ಸುಳ್ಳು ಬರಿಯಾಕ ನನಗ ಬರೋದಿಲ್ಲ. ಮೂರೂ ಕಡೆ ತೊಂಬತ್ತು ಬರದೆ.”

ಪಡಸಾಲ್ಯಾಗ ಫ್ಯಾನಿನ ಸಪ್ಪಳ ಬಿಟ್ರ ಏನೂ ಇಲ್ಲ. ಅಕ್ಕ ಪುಸ್ತಕ ಎತ್ಕೊಂಡು ಧೂಳು ಒರಸಿದ್ರು. ಭಾವ ಎದ್ದು ಹೊರಗ ಹೋಗಿ ಮೈದುನಗ ಫೋನ್ ಹಚ್ಚಿದ್ರು. ಮೊದಲ್ನೇ ಮಾತು ಕೇಳಿಸ್ತು: “ಕೂಸು ಹೆಂಗೈತೋ? ಅಣ್ಣಗ ಹೇಳಾಕ ಏನೋ ನಿನಗ?” ಆಮ್ಯಾಲೆ ಕಟ್ಟಿ ದಾಟಿ ಹೋದ್ರು, ಕೇಳಿಸ್ಲಿಲ್ಲ. ಜಾಗ ಮಾರೋ ಮಾತು ಅಲ್ಲಿಗೆ ನಿಂತು. ಸಂಡೂರಿನ ಮಾವಗ ನಮ್ಮನಿಯವರು ಎರಡು ಸಲ ಬಿಡಿಸಿ ಹೇಳಬೇಕಾತು.

ಇಲ್ಲಿಗೆ ಕತಿ ಮುಗೀಬೇಕಿತ್ತು, ಮುಗೀಲಿಲ್ಲ. ಅತ್ತಿಗೆ ಮನಸ್ಸಿಗೆ ಬ್ಯಾಸರ ಆಗಿತ್ತು. “ಈ ಒಂದು ಸಾಲಿನಿಂದ ಇಷ್ಟೆಲ್ಲಾ ಆತು” ಅಂತ ಮುಂದಿನ ತಿಂಗಳಿಂದ ಮೂರೂ ಪುಸ್ತಕದಾಗ ಸರದ ಸಾಲ ಬರಿಯೋದ ಬಿಟ್ರು. ನಾನೂ ಕೆಲಸದಾಗ ಅದನ್ನ ಮಾಡಿದ್ದೆ. ಜಿಡಿಬಿಗೆ ‘ಸೆಟ್ ಪ್ರಿಂಟ್ ಸ್ಟ್ಯಾಟಿಕ್ ಮೆಂಬರ್ಸ್ ಆಫ್’ ಅಂತ ಒಂದು ಮಾತು ಹೇಳಿದ್ರ, ಸ್ಟ್ಯಾಟಿಕ್ ಅಂಕಿ ಯಾವ ಲಾರಿ ಮಗ್ಗಲೂ ಕಾಣೋದಿಲ್ಲ. ಪರದಿ ಸ್ವಚ್ಛ. ಎಲ್ಎಲ್‌ಡಿಬಿ ಅನ್ನೋ ಇನ್ನೊಂದು ಡಿಬಗ್ಗರ್ ಹೇಳದನ ಹಿಂಗ ಮಾಡ್ತೈತಿ, ಕ್ಲಾಸಿನ ಹೆಸರು ಹಿಡಿದು ಕೇಳಿದ್ರ ಮಾತ್ರ ತೋರಿಸ್ತೈತಿ. ಜಾವಾ ಬರಿಯೋರು ಬಳಸೋ ಎಕ್ಲಿಪ್ಸೂ ಮೊದಲಿಗೆ ಸ್ಟ್ಯಾಟಿಕ್ ಮುಚ್ಚೇ ಇಟ್ಟಿರ್ತೈತಿ.

ಕಾಣದ್ದು ಮರಿಯೋದು ಎಷ್ಟೊತ್ತು? ಮೂರು ಮನಿಯವರೂ ಅವರವರ ಪುಸ್ತಕ ನೋಡ್ಕೊಂಡು ಅವರವರ ಬಾಕಿ ಕಟ್ಟಿದ್ರು. ಸರದ ಬಡ್ಡಿ ಯಾರೂ ಕಟ್ಟಲಿಲ್ಲ. ಯಾರೂ ಮೋಸ ಮಾಡ್ಲಿಲ್ಲ, ಯಾರ ಹಾಳ್ಯಾಗೂ ಅದು ಇದ್ದಿಲ್ಲ, ಅಷ್ಟ. ಗಡುವು ದಾಟಿತು, ಮನಿಗೆ ಕಾಗದ ಬಂತು, ಇಷ್ಟು ದಿನದಾಗ ಕಟ್ಟದಿದ್ರ ಹರಾಜು ಅಂತ. ಆ ಕಾಗದ ಓದಿದ್ದು ನಾನ. ಅತ್ತಿ ಕೊಳ್ಳಾಗ ಕೈ ಹೋತು, ಖಾಲಿ ಕೊಳ್ಳಿಗೆ. ಮೂವರೂ ಅವತ್ತ ಕೂಡಿಸಿ ಬಡ್ಡಿ ಕಟ್ಟಿ ಬಂದ್ರು.

ಅವತ್ತು ಸಂಜಿಗೆ ವಗ್ಗಾಣಿ ಮಿರ್ಚಿ ಮಾಡಿ ಎಲ್ಲಾರೂ ಪಡಸಾಲ್ಯಾಗ ಕುಂತಾಗ, ನಾ ನಾಲ್ಕನೇ ಪುಸ್ತಕ ತಂದು ಇಟ್ಟೆ. ಮಗನ ಸಾಲಿ ಪುಸ್ತಕದಾಗ ಉಳಿದಿದ್ದು. ಹೊರಗ ‘ಮನಿ’ ಅಂತ ಬರದೆ. ವಿಷುವಲ್ ಸ್ಟುಡಿಯೋ ಅಂತ ಐತಿ, ಅದರಾಗ ಸಿ ಶಾರ್ಪ್ ಪ್ರೋಗ್ರಾಂ ನೋಡೋವಾಗ ಸ್ಟ್ಯಾಟಿಕ್ ಅಂಕಿಗಳಿಗೆ ‘ಸ್ಟ್ಯಾಟಿಕ್ ಮೆಂಬರ್ಸ್’ ಅಂತ ಬ್ಯಾರೆನ ಒಂದು ಕೊಂಬಿ ಇರ್ತೈತಿ. ಗೊಂಬಿ ಸ್ವಂತ ಅಂಕಿಗಳ ಜೋಡಿ ಬೆರೆಸೋದಿಲ್ಲ, ಮುಚ್ಚೂ ಇಡೋದಿಲ್ಲ. ಜಿಡಿಬಿಯಾಗ ನಾ ಈಗ ಲಾರಿ ಕೇಳೋದಿಲ್ಲ, ‘ಲಾರಿ ಕ್ಲಾಸಿನ ಸೊನ್ನೆ ಎಷ್ಟು’ ಅಂತ ನೇರ ಕೇಳ್ತೀನಿ. ಒಂದ ಸಲ ಬರ್ತೈತಿ, ಅದರ ಸ್ವಂತ ಹೆಸರಿನಾಗ.

“ಅತ್ತಿ, ಸರದ ಸಾಲ ಇದರಾಗ ಬರೀರಿ. ಬೋರಿನ ರಿಪೇರಿ, ಮನಿ ಕಂದಾಯ, ಅವೂ ಇದರಾಗ. ಆ ಮೂರರಾಗ ಯಾರು ಎಷ್ಟು ಕೊಟ್ರು ಅನ್ನೋದು ಅಷ್ಟ.”

ಅತ್ತಿ ಪುಸ್ತಕ ತಿರುಗಿಸಿ ಮುರುಗಿಸಿ ನೋಡಿದ್ರು. “ಇದು ಯಾರ ಮನ್ಯಾಗ ಇರಬೇಕು?” ಅಂದ್ರು. ಅದು ಸರಿಯಾದ ಪ್ರಶ್ನೆ ಆಗಿತ್ತು. ಕಡೀಗೆ ಅಕ್ಕನ ಹೇಳಿದ್ರು, ದೇವರ ಜಗಲಿ ಮ್ಯಾಲೆ ಇರ್ಲಿ ಅಂತ. ಮೂರೂ ಒಲಿಯವರು ದೀಪ ಹಚ್ಚಾಕ ಅಲ್ಲಿಗೇ ಬರ್ತಾರ.

ಈಗ ಸಾಲ ನಲವತ್ತೆರಡು ಸಾವಿರಕ್ಕ ಇಳಿದೈತಿ. ಮೈದುನ ತಗೊಂಡ ಮೂವತ್ತು ಸಾವಿರ ತಾನ ತೀರಿಸ್ತೀನಿ ಅಂತಾನ, ಭಾವ ಬ್ಯಾಡ ಅಂತಾರ. ತಿಂಗಳಾ ಇಬ್ಬರದೂ ಇದ ಜಗಳ. ಮೊನ್ನೆ ಐತವಾರ ಅತ್ತಿ ನಾಲ್ಕನೇ ಪುಸ್ತಕದಾಗ ಹೊಸಾ ಅಂಕಿ ಬರದ್ರು. ರೂಢಿಯಂಗ ಪಕ್ಕದಾಗ ಸಣ್ಣ ಅಕ್ಷರದಾಗ ‘ಕೂಡು’ ಅಂತ ಹಾಕಿದ್ರು.

“ಇದರಾಗ ಎಲ್ಲಾ ಕೂಡಿದ್ದ ಅಲ್ಲೇನು ಅತ್ತಿ, ಮತ್ಯಾಕ ಬರೀತೀರಿ?” ಅಂದೆ.

“ಇರ್ಲಿ ಬಿಡವಾ. ಓದೋರಿಗೆ ಗೊತ್ತಾಗ್ಲಿ” ಅಂದು ಕನ್ನಡಕ ತೆಗೆದ್ರು.